ನಡುವಿನ ಪೆಟ್ಟಿಗೆ

ಹಡಗಿನ ಕಾಗದಪತ್ರಗಳಲ್ಲಿ ಅವನ ಹೆಸರು ಫಿಲೊಮೆನೊ ಬಲೊಂಗ್ಕಿತ್. ಬೋಹೋಲ್ ದ್ವೀಪದ ಕಂಬಾತೊ ಊರಿನಲ್ಲಿ ಮಾತ್ರ ಅವನು ಬರೀ ಮೆನೊ. ಮೀಸೆ ಮೂಡುವ ವಯಸ್ಸಿನಲ್ಲಿ ಪಾತ್ರೆ ತೊಳೆಯಲು ಸರಕಿನ ಹಡಗು ಹತ್ತಿದವನು ತಲೆ ನರೆಯುವ ಹೊತ್ತಿಗೆ ಮುಖ್ಯ ಅಡುಗೆಯವನಾಗಿ ಇಳಿದ. ನಡುವಿನ ಆಯುಷ್ಯವೆಲ್ಲ ನೀರಿನ ಮೇಲೆಯೇ ಕಳೆಯಿತು. ನಾರ್ವೆಯ ಕಪ್ತಾನನಿಗೆ ಆಲೂಗಡ್ಡೆ, ಕೊರಿಯಾದ ಇಂಜಿನಿಯರನಿಗೆ ಖಾರದ ಸಾರು, ತನ್ನ ಕಡೆಯ ಹುಡುಗರಿಗೆ ಹುಣಿಸೆಹುಳಿಯ ಮೀನು. ಒಂದೇ ಒಲೆಯಲ್ಲಿ ಇಷ್ಟೂ ನಾಲಗೆಗಳನ್ನು ಸಮಾಧಾನಪಡಿಸಿದವನು ತಾನೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಕುಡಿತವಿಲ್ಲ, ಜೂಜಿಲ್ಲ. ಚಟ ಅಂತ ಇದ್ದದ್ದು ಒಂದೇ. ಹಡಗು ಜಪಾನಿನ ಬಂದರು ಸೇರಿತೆಂದರೆ ಉಳಿದವರು ಬೀರಿನ ಅಂಗಡಿಗೆ ನುಗ್ಗುತ್ತಿದ್ದರು, ಮೆನೊ ಹಳೇ ಸಾಮಾನಿನ ಅಂಗಡಿಗಳ ಓಣಿಗೆ ನುಗ್ಗುತ್ತಿದ್ದ. ಆ ದೇಶದಲ್ಲಿ ಹೊಸತು ಬಂತೆಂದರೆ ಚೆನ್ನಾಗಿರುವ ಹಳೆಯದೂ ಬೀದಿಗೆ ಬರುತ್ತದೆ. ಒಂದು ಸಲ ಜೋಡಿ ಸ್ಪೀಕರು, ಇನ್ನೊಂದು ಸಲ ವಿಡಿಯೊ ಕ್ಯಾಸೆಟ್ ಹಾಕುವ ವಿಸಿಆರ್, ಮತ್ತೊಂದು ಸಲ ಒಂದು ಸುತ್ತು ದಪ್ಪ ವೈರು. ಕೊನೆಗೆ ಕೋಬೆಯ ಒಂದು ಅಂಗಡಿಯ ಮೂಲೆಯಲ್ಲಿ ರಿಸೀವರ್ ಕಣ್ಣಿಗೆ ಬಿತ್ತು. ಎತ್ತಿದರೆ ಸೊಂಟ ಹಿಡಿಯುವ ಭಾರದ ಕರಿ ಪೆಟ್ಟಿಗೆ. ವಿಸಿಆರ್ ಆಗಲಿ, ರೇಡಿಯೊ ಆಗಲಿ, ಯಾವುದರ ದನಿಯನ್ನಾದರೂ ತನ್ನೊಳಗೆ ಎಳೆದುಕೊಂಡು, ಬಲ ತುಂಬಿ, ಕೋಣೆಯ ಸುತ್ತ ಇಟ್ಟ ಸ್ಪೀಕರುಗಳಿಗೆ ಹಂಚುವ ಯಜಮಾನ ಅದು. ಅದನ್ನು ಕೊಂಡ ದಿನ ಮೆನೊ ಹಡಗಿನವರಿಗೆಲ್ಲ ಪಾಯಸ ಮಾಡಿ ಹಾಕಿದ. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ.

ಎಲ್ಲವನ್ನೂ ಟವೆಲು, ಸೋಪು, ಡಬ್ಬಿ ಮಾಂಸಗಳ ನಡುವೆ ಮೆತ್ತಗೆ ಕೂರಿಸಿ ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿ ಮನೆಗೆ ಕಳಿಸುತ್ತಿದ್ದ. "ಯಾರೂ ಮುಟ್ಟಬೇಡಿ, ಬಂದ ಮೇಲೆ ನಾನೇ ಜೋಡಿಸ್ತೀನಿ" ಎಂದು ಫೋನಿನಲ್ಲಿ ಹೆಂಡತಿ ಸಾಬೆಲ್‌ಗೆ ಹೇಳುತ್ತಿದ್ದ. ಬಂದಾಗಲೆಲ್ಲ ಸೂರು ಸೋರುತ್ತಿತ್ತು, ಇಲ್ಲವೇ ಯಾರದೋ ಮಗುವಿನ ನಾಮಕರಣ, ಇನ್ಯಾರದೋ ಸಾವು. ಅಷ್ಟರಲ್ಲಿ ಹಡಗಿನ ಕಂಪನಿಯಿಂದ ಕರೆ ಬರುತ್ತಿತ್ತು. "ಮುಂದಿನ ಸಲ" ಎನ್ನುತ್ತ ಹೋಗುತ್ತಿದ್ದ.

ಸಾಬೆಲ್ ಮನೆಯ ಮುಂಭಾಗದಲ್ಲೇ ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಸಕ್ಕರೆ, ಸೀಮೆಎಣ್ಣೆ, ಒಣಮೀನು, ಬಿಡಿ ಸಿಗರೇಟು. ಜಾಗ ಇಕ್ಕಟ್ಟು, ಗಂಡನ ಸಾಮಾನು ಮಾತ್ರ ಬರುತ್ತಲೇ ಇತ್ತು. ವಸ್ತುವನ್ನು ಸುಮ್ಮನೆ ಕೂರಿಸಿಡುವುದು ಅವಳ ಜಾಯಮಾನವಲ್ಲ. ಹೀಗಾಗಿ ಮೆನೊ ಕೆಲಸ ಬಿಟ್ಟು ಶಾಶ್ವತವಾಗಿ ಮನೆ ಸೇರಿದ ಮೇಲೆ ಮೊದಲು ಮಾಡಬೇಕಾಗಿ ಬಂದದ್ದು ಹುಡುಕಾಟ.

"ಸಾಬೆಲ್, ಆ ಗುಡುಗೋ ಸ್ಪೀಕರ್ ಎಲ್ಲಿ? ಚೌಕಾಕಾರದ್ದು?"

"ಅದರ ಮೇಲೇ ಕೂತ್ಕೊಂಡು ಕೇಳ್ತಿದ್ದೀಯಲ್ಲ."

ಮೆನೊ ಎದ್ದು ನೋಡಿದ. ಹೌದು. ಮೇಲೊಂದು ಹೂವಿನ ದಿಂಬು ಬೇರೆ ಹೊಲಿದು ಹಾಕಿದ್ದಳು.

"ವೈರು? ಒಂದು ಸುತ್ತು ಕಳಿಸಿದ್ದೆನಲ್ಲ?"

ಸಾಬೆಲ್ ತುಟಿ ಚೂಪು ಮಾಡಿ ಹಿತ್ತಲ ಕಡೆ ತೋರಿಸಿದಳು. ಎರಡು ತೆಂಗಿನಮರಗಳ ನಡುವೆ ಆ ವೈರು ಎಳೆದು ಕಟ್ಟಿತ್ತು. ಅದರ ಮೇಲೆ ಮೆನೊನ ಒಳಚಡ್ಡಿಗಳೇ ಗಾಳಿಗೆ ಕುಣಿಯುತ್ತಿದ್ದವು.

"ತುಂಬಾ ಒಳ್ಳೆ ಹಗ್ಗ ಮೆನೊ. ತುಕ್ಕಿಲ್ಲ, ಕಲೆಯಿಲ್ಲ. ಇನ್ನೊಂದು ಸುತ್ತು ಕಳಿಸಿದ್ರೆ ಪಕ್ಕದ್ಮನೆ ಲುದಿಗೂ ಕೊಡ್ತಿದ್ದೆ."

ರಿಸೀವರು ಜರಿಯ ಬಟ್ಟೆ ಹೊದ್ದು, ಬಾಲಯೇಸುವಿನ ಮೂರ್ತಿಗೆ ಪೀಠವಾಗಿ ನಿಂತಿತ್ತು. ಹಿಂಬದಿಯ ಎರಡು ಸ್ಪೀಕರುಗಳಲ್ಲಿ ಒಂದು ಇಸ್ತ್ರಿಯ ಮೇಜಿಗೆ ಕಾಲಾಗಿತ್ತು. ಇನ್ನೊಂದರ ಮೇಲೆ ಕಂದು ಕೋಳಿ ಕಾವಿಗೆ ಕೂತಿತ್ತು. ಮೆನೊ ಕೈ ಚಾಚಿದ್ದಕ್ಕೆ ಕೋಳಿಯೂ ಹೆಂಡತಿಯೂ ಒಟ್ಟಿಗೆ ಮೇಲೆ ಬಿದ್ದರು.

"ಮರಿ ಆಗೋ ತನಕ ಅದರ ತಂಟೆಗೆ ಹೋಗ್ಬೇಡ!"

ಮೆನೊಗೆ ಕೋಪ ಬರಲಿಲ್ಲ. ತಾನು ಪ್ರೀತಿಯಿಂದ ಆರಿಸಿ ಕಳಿಸಿದ್ದೆಲ್ಲ ಈ ಮನೆಯಲ್ಲಿ ಒಂದೊಂದು ಕೆಲಸ ಹಿಡಿದು ಕೂತಿವೆ, ತನಗೊಬ್ಬನಿಗೇ ಇಲ್ಲಿ ಕೆಲಸವಿಲ್ಲ ಅನ್ನಿಸಿತು. ಅದು ನಿಜವೂ ಆಗಿತ್ತು. ನಸುಕಿಗೇ ಎಚ್ಚರವಾಗಿ, ಇಡೀ ಹಡಗಿಗೆ ತಿಂಡಿ ಆಗಬೇಕೆಂಬ ಗಾಬರಿಯಲ್ಲಿ ಹಾಸಿಗೆಯಿಂದ ಜಿಗಿಯುತ್ತಿದ್ದ. ಅಡುಗೆಮನೆಗೆ ಕಾಲಿಟ್ಟರೆ ಸಾಬೆಲ್ ಸೌಟು ಕಿತ್ತುಕೊಳ್ಳುತ್ತಿದ್ದಳು. "ಇಷ್ಟು ವರ್ಷ ಮಾಡಿ ಮಾಡಿ ಸವೆದಿದ್ದೀಯ, ಕೂತ್ಕೊ." ಅವಳದು ಕರುಣೆಯೇ. ಆದರೆ ಕೂತು ಕೂತು ಮೆನೊನ ಕೈ ಜೋಮು ಹಿಡಿಯುತ್ತಿತ್ತು. ಮನೆಗೆ ಬಂದ ನೆಂಟನ ಹಾಗೆ ಕಾಫಿ ಕುಡಿದು, ಲೋಟ ಎಲ್ಲಿಡಬೇಕೆಂದು ಕೇಳುತ್ತಿದ್ದ.

ಮೇ ತಿಂಗಳು ಬಂತು. ಊರಹಬ್ಬಕ್ಕೆ ಮಗಳು ಮೆರ್ಲಿತಾ ಗಂಡನ ಜೊತೆ ಬರುವವಳಿದ್ದಳು. ಅವಳ ಮದುವೆಯಾದಾಗ ಮೆನೊ ಇರಲಿಲ್ಲ. ರಜೆ ಸಿಕ್ಕಿತ್ತು, ಆದರೆ ಯಾವುದೋ ಮುಷ್ಕರದಿಂದ ಹಡಗು ಬಂದರಿನ ಹೊರಗೆ ಲಂಗರು ಹಾಕಿ ನಿಂತುಬಿಟ್ಟಿತ್ತು. ಊರಿನ ಫೋಟೊಗ್ರಾಫರ್ ಗೊರ್ಯೊ ಮದುವೆಯನ್ನು ವಿಡಿಯೊ ತೆಗೆದಿದ್ದ. ಗೊರ್ಯೊಗೆ ಒಂದೇ ಹುಚ್ಚು: ಚಿತ್ರದುದ್ದಕ್ಕೂ ಪ್ರೇಮಗೀತೆ ಸುರಿಯುವುದು. ಪಾದ್ರಿ ಬಾಯಿ ತೆರೆದರೂ ಹಾಡು, ವಧು ಉತ್ತರಿಸಿದರೂ ಹಾಡು, ನಾಯಿ ಬೊಗಳಿದರೂ ಹಾಡು. ಆ ಕ್ಯಾಸೆಟ್ಟನ್ನು ಮೆನೊ ಹಡಗಿನ ಊಟದ ಕೋಣೆಯಲ್ಲಿ ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಒಂದು ಕಡೆ ಸಾಬೆಲ್ ನೇರ ಕ್ಯಾಮೆರಾ ನೋಡುತ್ತ ಏನೋ ಹೇಳುತ್ತಾಳೆ, ಬಹಳ ಹೊತ್ತು ಹೇಳುತ್ತಾಳೆ. ಮೇಲೆ ಯಾರದೋ ಗಂಡುದನಿ ಬೆಳದಿಂಗಳ ಬಗ್ಗೆ ಗೋಳಾಡುತ್ತಿರುತ್ತದೆ. ಅವಳ ತುಟಿ ನೋಡಿ ನೋಡಿ ಮಾತು ಊಹಿಸಲು ಹೆಣಗಿದ್ದ. ಫೋನಿನಲ್ಲಿ ಕೇಳಿದರೆ, "ಏನೋ ಹೇಳ್ದೆ, ಯಾರಿಗೆ ನೆನಪಿದೆ?" ಎಂದು ಮಾತು ಹಾರಿಸುತ್ತಿದ್ದಳು.

ಮನೆಯ ಹಳೇ ವಿಸಿಆರ್ ಕೆಟ್ಟು ಮೂಲೆ ಸೇರಿ ಬಹಳ ಕಾಲವಾಗಿತ್ತು, ಜಪಾನಿನದು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಮೆನೊ ಹಡಗಿನಿಂದ ವಾಪಸು ತಂದ ಕ್ಯಾಸೆಟ್ಟು ಕಪಾಟಿನಲ್ಲಿ ಕೂತಿತ್ತು. ಹಬ್ಬದ ಹಿಂದಿನ ದಿನ ಎಲ್ಲ ಜೋಡಿಸಿಬಿಡುವುದು, ಮಗಳಿಗೆ ಅವಳ ಮದುವೆಯನ್ನು ಕೋಣೆ ತುಂಬುವ ಸದ್ದಿನಲ್ಲಿ ತೋರಿಸುವುದು ಎಂದು ಮೆನೊ ತೀರ್ಮಾನಿಸಿದ. ಹೆಂಡತಿಗೆ ಬಟ್ಟೆ ಒಣಹಾಕಲು ಹೊಸ ನೈಲಾನ್ ಹಗ್ಗ ತಂದುಕೊಟ್ಟು ವೈರು ಬಿಡಿಸಿಕೊಂಡ. ದೇವರಿಗೆ ಹೊಸ ಹಲಗೆ ಹೊಡೆದ. ತಗ್ಬಿಲಾರನ್ ಪೇಟೆಗೆ ಹೋಗಿ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಹೊತ್ತು ತಂದ. ಜಪಾನಿನ ಯಂತ್ರಗಳಿಗೆ ಇಲ್ಲಿಯ ಅರ್ಧದಷ್ಟೂ ಕರೆಂಟು ಬೇಡ. ನೇರವಾಗಿ ಗೋಡೆಗೆ ಚುಚ್ಚಿ ಹೊಗೆ ಎಬ್ಬಿಸಿದವರು ಕಂಬಾತೊದಲ್ಲಿ ಕಡಿಮೆಯೇನಿಲ್ಲ.

ಅವತ್ತು ಬೆಳಿಗ್ಗೆ ಮೆನೊ ನೆಲದ ಮೇಲೆ ಹೊಟ್ಟೆ ಒತ್ತಿಕೊಂಡು ಮಲಗಿ ರಿಸೀವರಿನ ಬೆನ್ನಿಗೆ ಮುಖವಿಟ್ಟಿದ್ದ. ಬೆನ್ನ ತುಂಬ ತೂತುಗಳೇ. ಹಳದಿ, ಕೆಂಪು, ಬಿಳಿ. ಹಳದಿಯದು ಚಿತ್ರಕ್ಕೆ, ಕೆಂಪು ಬಿಳಿ ಎರಡೂ ಸದ್ದಿಗೆ, ಅಷ್ಟು ಅವನಿಗೆ ಗೊತ್ತಿತ್ತು. ಬಣ್ಣಕ್ಕೆ ಬಣ್ಣ ಹುಡುಕಿ ಪಿನ್ನು ಚುಚ್ಚುತ್ತ ಹೋದ. ಕರೆಯದಿದ್ದರೂ ಗೊರ್ಯೊ ಬಂದ. ಪಕ್ಕದ ಮನೆಯ ಲುದಿವಿನಾ ತಟ್ಟೆಯಲ್ಲಿ ಬೇಯಿಸಿದ ನೇರಳೆ ಗೆಣಸು ತಂದು ಬಾಗಿಲಲ್ಲೇ ಕೂತಳು. ಸಾಬೆಲ್‌ಗೆ ಅವಳು ಬಾಲ್ಯದ ಗೆಳತಿ, ಮೆರ್ಲಿತಾಳ ನಾಮಕರಣದಲ್ಲಿ ಅವಳನ್ನು ಎತ್ತಿಕೊಂಡ ದೇವತಾಯಿ. ಅವಳ ಬಾಯಿಗೆ ಕಂಬಾತೊದ ಗಂಡಸರು ಹೆದರುತ್ತಿದ್ದರು.

"ಮೆನೊ ಅಣ್ಣ, ಹೆರಿಗೆ ಕಷ್ಟ ಆಗ್ತಿದ್ಯಾ?" ಎಂದಳು. "ಬೆಳಿಗ್ಗೆಯಿಂದ ನರಳ್ತಿದ್ದೀಯ."

"ನೀನು ಗೆಣಸು ತಿನ್ನು ತಾಯಿ."

ಎಲ್ಲ ಚುಚ್ಚಿಯಾಯಿತು. ಮೆನೊ ಶಿಲುಬೆಯ ಗುರುತು ಮಾಡಿಕೊಂಡು ಸ್ವಿಚ್ ಹಾಕಿದ. ರಿಸೀವರಿನ ಮುಖದಲ್ಲಿ ಹಸಿರು ದೀಪ ಹೊತ್ತಿತು. ಟೀವಿಯಲ್ಲಿ ಮಾತ್ರ ಬರೀ ಕಪ್ಪು. ಗೊರ್ಯೊ ತಲೆ ಕೆರೆದು, ಇದು ಜಪಾನಿನವರ ಕುತಂತ್ರ ಎಂದ. ಸಾಬೆಲ್ ಅಂಗಡಿಯಿಂದ ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು, ವಿಸಿಆರಿನ ಬೆನ್ನನ್ನೂ ರಿಸೀವರಿನ ಬೆನ್ನನ್ನೂ ನೋಡಿದಳು.

"ಇಲ್ಲಿ ಏನು ಬರೆದಿದೆ?"

"ಹೊರಗೆ ಅಂತ."

"ಆ ಕೊನೇಲಿ?"

"ಅಲ್ಲೂ... ಹೊರಗೆ ಅಂತ."

"ಮತ್ತೆ? ಒಬ್ಬರ ಬಾಯಿಂದ ಬಂದದ್ದು ಇನ್ನೊಬ್ಬರ ಕಿವಿಗೆ ಹೋಗ್ಬೇಕು ತಾನೆ? ನೀನು ಬಾಯಿಗೆ ಬಾಯಿ ಸೇರಿಸಿ ಇಟ್ಟಿದ್ದೀಯಲ್ಲೋ!"

ಬಾಗಿಲಲ್ಲಿ ಲುದಿ ನಕ್ಕು ನಕ್ಕು ಗೆಣಸು ಗಂಟಲಿಗೆ ಸಿಕ್ಕಿಸಿಕೊಂಡಳು. "ಬಿಡೆ ಮಾರಾಯ್ತಿ, ಎಷ್ಟು ವರ್ಷ ಹಡಗಲ್ಲಿ ಒಬ್ಬನೇ ಇದ್ದ! ಅವನಿಗೆ ಮೊದಲು ನೆನಪಾಗೋದೇ ಅದು!"

ಮೆನೊನ ಕಿವಿ ಕೆಂಪಾಯಿತು. ಆದರೆ ವಿಸಿಆರಿನ ಬಾಯಿಯ ವೈರುಗಳನ್ನು ರಿಸೀವರಿನ ಕಿವಿಗೆ ಚುಚ್ಚಿ, ರಿಸೀವರಿನ ಬಾಯಿಯ ಹಳದಿ ವೈರನ್ನು ಟೀವಿಯ ಕಿವಿಗೆ ಚುಚ್ಚಿದ್ದೇ ತಡ, ಚಿತ್ರ ಬಂತು. ಮಗಳ ಮದುವೆ. ಚರ್ಚಿನ ಮೆಟ್ಟಿಲು, ಹೂವಿನ ಕಮಾನು, ಬೆವರುತ್ತಿರುವ ಮದುಮಗ.

ಹಾಡು ಮಾತ್ರ ಬರಲಿಲ್ಲ.

ಸದ್ದೇ ಇಲ್ಲವೆಂದಲ್ಲ. ಇತ್ತು, ವಿಚಿತ್ರವಾಗಿ. ಬೆನ್ನ ಹಿಂದೆ ಗಂಟೆ ಬಾರಿಸಿತು. ಎಲ್ಲೋ ಮಗು ಕಿರುಚಿತು. ಜನರ ಗುಜುಗುಜು ಕೋಣೆಯ ಅಂಚಿನಲ್ಲಿ ಸುತ್ತಿತು. ಲುದಿ ಬೆಚ್ಚಿ ಹಿಂದೆ ನೋಡಿ, "ಯಾರೋ ಕೆಮ್ಮಿದ್ರು!" ಎಂದಳು. ಹಿಂದಿದ್ದದ್ದು ಸ್ಪೀಕರಿನ ಮೇಲೆ ಅಲ್ಲಾಡದೆ ಕೂತ ಕಂದು ಕೋಳಿಯೊಂದೇ. ಮೆನೊ ಅದನ್ನು ಎಬ್ಬಿಸದೆಯೇ ಕೆಳಗಿಂದ ವೈರು ಸೇರಿಸಿದ್ದ. ತೆರೆಯ ಮೇಲೆ ಪಾದ್ರಿ ಬಾಯಿ ಆಡಿಸುತ್ತಿದ್ದರು, ಮಾತಿಲ್ಲ. ಮೆರ್ಲಿತಾ ಬಾಯಿ ಆಡಿಸಿದಳು, ಮಾತಿಲ್ಲ.

ಸಾಬೆಲ್‌ಳ ಮುಖ ಬಿಳುಚಿತು. "ಹಾಡೆಲ್ಲ ಎಲ್ಲಿ ಹೋಯ್ತು? ಮೆನೊ, ಕ್ಯಾಸೆಟ್ ಅಳಿಸಿಬಿಟ್ಯಾ? ಇರೋದು ಅದೊಂದೇ!"

"ನಾನೇನೂ ಮಾಡ್ಲಿಲ್ಲ!"

"ಏನೂ ಮಾಡ್ಬೇಡ ಅಂತಲೇ ನಾನು ಹೇಳಿದ್ದು!"

ಗೊರ್ಯೊ ಕೂಡ ಕಳೆಗುಂದಿದ. ಅವನ ಹಾಡುಗಳು, ರಾತ್ರಿಗಟ್ಟಲೆ ಕೂತು ಆರಿಸಿದ ಹಾಡುಗಳು ಮಾಯವಾಗಿದ್ದವು. ಮೆನೊ ಮತ್ತೆ ನೆಲಕ್ಕೆ ಬಿದ್ದ. ಒಂದೊಂದೇ ವೈರಿನ ಮೇಲೆ ಬೆರಳೆಳೆಯುತ್ತ ಹೋದ. ಎಡ, ಬಲ, ಹಿಂದಿನ ಎಡ, ಹಿಂದಿನ ಬಲ, ಗುಡುಗಿನ ಪೆಟ್ಟಿಗೆ. ಇವೆಲ್ಲದರ ನಡುವೆ ಒಂದು ಜೊತೆ ತೂತು ಖಾಲಿ ಇತ್ತು.

"ನಡುವಿನ ಸ್ಪೀಕರು! ಟೀವಿ ಕೆಳಗೆ ಇಡೋದು. ಮಾತೆಲ್ಲ ಬರೋದು ಅದರಲ್ಲೇ. ಉದ್ದಕ್ಕಿದೆ, ಬ್ರೆಡ್ಡಿನ ಥರ. ಅದನ್ನೂ ಕಳಿಸಿದ್ದೆ ಸಾಬೆಲ್."

ಸಾಬೆಲ್ ಲುದಿಯ ಕಡೆ ನೋಡಿದಳು. ಲುದಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಆ ಉದ್ದ ಪೆಟ್ಟಿಗೆನಾ? ನೀನೇ ಕೊಟ್ಟಿದ್ದಲ್ಲೇ ಸಾಬೆಲ್. ಅದರ ಮೇಲೆ... ನಮ್ಮ ತೊಲ್ಯೊ ಇದಾನೆ."

ಗಂಡ ತೊಲ್ಯೊ ತೀರಿಹೋದ ಮೇಲೆ ಅವನ ಫೋಟೊ ಇಡಲು ಲುದಿಯ ಮನೆಯಲ್ಲಿ ಸರಿಯಾದ ಜಾಗವಿರಲಿಲ್ಲ. ಆಗ ಸಾಬೆಲ್ ಕೊಟ್ಟದ್ದು ಆ ಪೆಟ್ಟಿಗೆ. ಫೋಟೊ, ಮೋಂಬತ್ತಿ, ಒಂದು ಗ್ಲಾಸು ಹೂವು, ಎಲ್ಲಕ್ಕೂ ಅಳತೆ ತೆಗೆದು ಮಾಡಿಸಿದಂತಿತ್ತು.

ಮೆನೊ ಧೂಳು ಕೊಡವಿಕೊಂಡು ಎದ್ದ. "ಬೇಡ ಬಿಡು ಲುದಿ. ಅವನನ್ನ ಎಬ್ಬಿಸೋದು ಬೇಡ. ನಾನು ಬೇರೆ ಹುಡುಕ್ತೀನಿ."

"ಸುಮ್ನಿರಣ್ಣ. ಬದುಕಿದ್ದಾಗ ಎಬ್ಬಿಸಿ ಎಬ್ಬಿಸಿ ಸಾಕಾಗಿತ್ತು ನಂಗೆ. ಈಗೊಂದು ಸಲ ಏಳ್ಲಿ" ಎಂದು ಲುದಿ ಸರಸರ ಹೊರಟೇಬಿಟ್ಟಳು. ಬರುವಾಗ ಒಂದು ಕಂಕುಳಲ್ಲಿ ಸ್ಪೀಕರು, ಇನ್ನೊಂದರಲ್ಲಿ ಫೋಟೊ. ಫೋಟೊವನ್ನು ಟೀವಿಯ ಪಕ್ಕದ ಕುರ್ಚಿಯ ಮೇಲೆ ಎಲ್ಲರತ್ತ ಮುಖ ಮಾಡಿ ಕೂರಿಸಿದಳು. "ಇವನೂ ಮದುವೆಗೆ ಬಂದವನೇ ತಾನೆ?"

ಅಷ್ಟರಲ್ಲಿ ಹೊರಗೆ ಬಸ್ಸು ನಿಂತ ಸದ್ದಾಯಿತು. ಮೆರ್ಲಿತಾ, ಅವಳ ಗಂಡ, ಎರಡು ಬುಟ್ಟಿ ಮಾವು. ಅಪ್ಪನ ಕೈಗೆ ಹಣೆ ತಾಗಿಸಿ ಆಶೀರ್ವಾದ ತೆಗೆದುಕೊಂಡ ಮೆರ್ಲಿತಾ, ಮನೆಯ ತುಂಬ ಹಾವಿನಂತೆ ಹರಿದ ವೈರುಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ದಾಟ್ಕೊಂಡು ಬಾ ಮಗಳೇ, ತುಳೀಬೇಡ" ಎಂದ ಮೆನೊ ಮೋಂಬತ್ತಿಯ ಮೇಣ ಕೆರೆದು, ಕೆಂಪು ಎಳೆ ಕೆಂಪಿಗೆ, ಕಪ್ಪು ಎಳೆ ಕಪ್ಪಿಗೆ ಸುತ್ತಿ, ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿದ.

ಈ ಸಲ ಪಾದ್ರಿ ಬಾಯಿ ತೆರೆದರು, ಮಾತು ಬಂತು. ಅವರಿಗೆ ಆವತ್ತು ನೆಗಡಿಯಾಗಿತ್ತೆಂಬುದೂ ಗೊತ್ತಾಯಿತು. ನಿನ್ನನ್ನು ಕೈಹಿಡಿಯುತ್ತೇನೆ ಎಂದು ಮದುಮಗ ಹೇಳುವಾಗ ದನಿ ಹುಡುಗಿಯ ದನಿಯಂತೆ ಕೀರಲಾಯಿತು. ತಕ್ಷಣ ಮೆರ್ಲಿತಾಳ ಪಿಸುಮಾತು ಸ್ಪಷ್ಟವಾಗಿ ಕೇಳಿತು: "ನಿನ್ನ ಶೂ ಯಾಕೆ ಹಂಗೆ ಪಿಚಪಿಚ ಅಂತಿದೆ?"

ಅಳಿಯ ತಲೆಯ ಮೇಲೆ ಕೈಹೊತ್ತುಕೊಂಡ. "ಗದ್ದೆಯ ಕಾಲುವೆಗೆ ಬಿದ್ದಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ."

ಗೊರ್ಯೊ ಎದ್ದು ನಿಂತಿದ್ದ. ಹಣೆ ಹಣೆ ಬಡಿದುಕೊಂಡ. "ಅಯ್ಯೋ, ಅಳಿಸಿಯೇ ಇಲ್ಲ! ಟೇಪಲ್ಲಿ ಸದ್ದಿಗೆ ಎರಡು ದಾರಿ ಇರುತ್ತೆ. ನಾನು ಹಾಡು ಹಾಕಿದ್ದು ಅಂಚಿನ ದಾರೀಲಿ. ಆವತ್ತಿನ ನಿಜವಾದ ಸದ್ದು ಒಳದಾರೀಲಿ ಹಾಗೇ ಇದೆ! ನಮ್ಮ ಊರಿನ ವಿಸಿಆರ್‌ಗಳಿಗೆ, ಆ ಹಡಗಿನದಕ್ಕೂ, ಆ ಒಳದಾರಿ ಓದೋಕೆ ಬರಲ್ಲ, ಮೆನೊ ತಂದ ಈ ಜಪಾನಿಂದು ಓದುತ್ತೆ!"

"ಅಂದ್ರೆ ಇಷ್ಟು ವರ್ಷ ನಮ್ಮ ಮಾತಿನ ಮೇಲೆ ನಿನ್ನ ಹಾಡು ಕೂತಿತ್ತು ಅನ್ನು" ಎಂದಳು ಸಾಬೆಲ್. ಗೊರ್ಯೊ ಮೆಲ್ಲಗೆ ಕುರ್ಚಿಗಿಳಿದ.

ಚಿತ್ರ ಹಿತ್ತಲಿಗೆ ಬಂತು. ಕೆಂಡದ ಮೇಲೆ ಹಂದಿ ತಿರುಗುತ್ತಿದೆ. ಕೋಲು ತಿರುಗಿಸುತ್ತಿರುವವನು ತೊಲ್ಯೊ, ಬರಿಮೈ, ಕೈಯಲ್ಲಿ ಕಳ್ಳಿನ ಗ್ಲಾಸು. ಚಿತ್ರದ ಆಚೆಯಿಂದ ಲುದಿಯ ದನಿ ಕೂಗಿತು: "ಸರಿಯಾಗಿ ತಿರುಗಿಸೋ! ಒಂದು ಕಡೆ ಸೀದು ಹೋಗ್ತಿದೆ!"

ತೊಲ್ಯೊ ಹಂದಿಯ ಕಡೆ ಬಗ್ಗಿ, ಗುಟ್ಟು ಹೇಳುವವನಂತೆ, ಆದರೆ ಊರಿಗೆಲ್ಲ ಕೇಳುವ ಹಾಗೆ ಹೇಳಿದ: "ನೀನೇನೂ ಬೇಜಾರು ಮಾಡ್ಕೋಬೇಡ ಮಗನೆ. ನಾನು ಅವಳ ಜೊತೆ ಬಾಳಿ ಎರಡೂ ಕಡೆ ಸೀದಿದ್ದೀನಿ."

ಟೇಪಿನೊಳಗೆ ನಗು ಎದ್ದಿತು. ಕೋಣೆಯೊಳಗೂ ಎದ್ದಿತು. ಯಾವುದು ಅಂದಿನದು, ಯಾವುದು ಇಂದಿನದು ಎಂದು ಬೇರೆ ಮಾಡುವಂತಿರಲಿಲ್ಲ. ಸಾಬೆಲ್‌ಳ ಕೈಯಿಂದ ಗೆಣಸಿನ ತುಂಡು ನೆಲಕ್ಕೆ ಬಿತ್ತು. ಬಿದ್ದ ಗೆಣಸಿಗೆ ಮುತ್ತಿಡುವ ಆ ದ್ವೀಪದ ರೂಢಿಯಂತೆ ಎತ್ತಿ ಮುತ್ತಿಟ್ಟು ತಟ್ಟೆಗೆ ಹಾಕಿ, ಗೆಳತಿಯ ಕಡೆ ತಿರುಗಿದಳು. ಲುದಿ ನಗುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ತೆರೆಯತ್ತಲೂ ಅಲ್ಲ, ಫೋಟೊದತ್ತಲೂ ಅಲ್ಲ, ಕೆಳಗಿದ್ದ ಆ ಉದ್ದ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಮೆನೊ ನಿಲ್ಲಿಸಲು ಕೈ ಮುಂದೆ ಮಾಡಿದ.

"ನಿಲ್ಲಿಸ್ಬೇಡ" ಎಂದಳು ಲುದಿ. "ಹಿಂದಕ್ಕೆ ತಿರುಗಿಸು. ಅವನು ಅಂದದ್ದಕ್ಕೆ ಆವತ್ತು ನಂಗೆ ಉತ್ತರ ಹೊಳೆದಿರಲಿಲ್ಲ."

ಮೆನೊ ತಿರುಗಿಸಿದ. ಎರಡೂ ಕಡೆ ಸೀದಿದ್ದೀನಿ ಎಂದ ತೊಲ್ಯೊ. "ಸೀದ ಮಾಲೇ ಆದ್ರೂ ನಾನೊಬ್ಬಳೇ ಕೊಂಡಿದ್ದು, ನೆನಪಿರ್ಲಿ!" ಎಂದು ಲುದಿ ಕಿರುಚಿದಳು. ಮತ್ತೆ ತಿರುಗಿಸಿದ. "ಕಳ್ಳು ಕೆಳಗಿಡು ಮೊದಲು, ಆಮೇಲೆ ಮಾತಾಡು!" ಮತ್ತೊಮ್ಮೆ. ಒಂದೊಂದು ಸಲವೂ ಬೇರೆ ಬೇರೆ ಉತ್ತರ, ಒಂದಕ್ಕಿಂತ ಒಂದು ಖಾರ. ಕೆನ್ನೆ ತೋಯ್ದಿತ್ತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಾಬೆಲ್ ಅವಳ ಭುಜಕ್ಕೆ ಆತುಕೊಂಡು ತಾನೂ ನಗುತ್ತಿದ್ದಳು. ಸದ್ದು ಕೇಳಿ ಅಕ್ಕಪಕ್ಕದವರು ಕಿಟಕಿಯಲ್ಲಿ ಮುಖವಿಟ್ಟರು. ಕೊನೆಗೆ ಲುದಿ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡು, "ಸಾಕು, ಸೋತ. ಮುಂದಕ್ಕೆ ಬಿಡು" ಎಂದಳು.

ಮುಂದಿನದು ಏನೆಂದು ಸಾಬೆಲ್‌ಗೆ ನೆನಪಾದದ್ದು ಆಗ. ಎದ್ದುಬಿಟ್ಟಳು. "ಊಟ ಆರ್ತಿದೆ. ಆಫ್ ಮಾಡು ಮೆನೊ. ಉಳಿದದ್ದು ನಾಳೆ."

"ಒಂದು ನಿಮಿಷ."

"ಏನಿಲ್ಲ ಅದರಲ್ಲಿ!"

"ಅಮ್ಮ, ಕೂತ್ಕೊ" ಎಂದು ಮೆರ್ಲಿತಾ ಅವಳ ಲಂಗ ಹಿಡಿದು ಎಳೆದಳು.

ತೆರೆಯ ಮೇಲೆ ಸಾಬೆಲ್ ಬಂದಳು, ಕೂದಲು ಇನ್ನೂ ಕಪ್ಪಗಿದ್ದ ಸಾಬೆಲ್. ಕ್ಯಾಮೆರಾ ಹಿಂದಿನಿಂದ ಗೊರ್ಯೊ, "ಮೆನೊಗೆ ಏನಾದ್ರೂ ಹೇಳಕ್ಕ" ಎನ್ನುವುದು ಕೇಳಿತು. ಅವಳು ಕೈ ಒರೆಸಿಕೊಂಡಳು.

"ಏನು ಹೇಳೋದು... ಮೆನೊ, ಸೂರು ಸರಿ ಮಾಡಿಸ್ದೆ, ಈಗ ಸೋರಲ್ಲ. ಹಂದಿ ಚೆನ್ನಾಗಿ ಬೆಂದಿದೆ, ಆದ್ರೆ ಉಪ್ಪು ನಿನ್ನ ಕೈಯಷ್ಟು ಸರಿ ಬಿದ್ದಿಲ್ಲ. ನಿನ್ನ ಬಿಳೀ ಅಂಗಿ ಇಸ್ತ್ರಿ ಮಾಡಿ ಚರ್ಚಲ್ಲಿ ನನ್ನ ಪಕ್ಕದ ಕುರ್ಚಿಗೆ ಹಾಕಿದ್ದೆ. ಯಾರನ್ನೂ ಕೂರೋಕೆ ಬಿಡ್ಲಿಲ್ಲ. ಪಾದ್ರಿ ಯಾರ ಜಾಗ ಅಂತ ಕೇಳಿದ್ರು. ನನ್ನ ಗಂಡಂದು, ದಾರೀಲಿದಾನೆ, ಈಗ ಬರ್ತಾನೆ ಅಂದೆ. ಪಾದ್ರಿಗೆ ಸುಳ್ಳು ಹೇಳ್ದೆ ಮೆನೊ, ಅದೂ ಚರ್ಚೊಳಗೆ." ನಕ್ಕಳು. ಮೂಗು ಒರೆಸಿಕೊಂಡಳು. "ಬಂದ ಮೇಲೆ ಆ ಪಾಪ ನೀನೇ ತೀರಿಸ್ಕೊ. ಸಾಕು ಗೊರ್ಯೊ, ತೆಗಿ ಅದನ್ನ, ಅನ್ನ ಸೀಯ್ತಿದೆ."

ಆ ಕುರ್ಚಿಯ ಮೇಲಿನ ಬಿಳಿಯದನ್ನು ಮೆನೊ ಹಡಗಿನಲ್ಲಿ ಎಷ್ಟೋ ಸಲ ನೋಡಿದ್ದ. ಹೂವಿಗೆ ಹೊದಿಸಿದ ಬಟ್ಟೆ ಅಂದುಕೊಂಡಿದ್ದ. ಅವನು ಎದ್ದು ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಚಕ್ ಚಕ್ ಎಂದು ಚಾಕುವಿನ ಸದ್ದು ಬಂತು. ಸಾಬೆಲ್ ಹಿಂದೆಯೇ ಹೋದಳು.

"ಅಳ್ತಿದ್ದೀಯಾ?"

"ಈರುಳ್ಳಿ ಕಣೆ."

"ಕೈಯಲ್ಲಿರೋದು ಶುಂಠಿ."

ಮೆನೊ ಶುಂಠಿಯನ್ನೂ ಅವಳನ್ನೂ ನೋಡಿದ. ಆಮೇಲೆ ಇಬ್ಬರೂ ನಕ್ಕರು. ಅವನು ಹೆಚ್ಚುವುದನ್ನು ಅವಳು ಗೋಡೆಗೊರಗಿ ನೋಡುತ್ತ ನಿಂತಳು. ಹಡಗು ಎಷ್ಟೇ ಹೊಯ್ದಾಡಿದರೂ ಬೆರಳು ಕೊಯ್ದುಕೊಳ್ಳದ ಕೈ ಅದು. ಶುಂಠಿ ದಾರದೆಳೆಯಂತೆ ಬೀಳುತ್ತಿತ್ತು. ಅವನು ಅಡುಗೆ ಮಾಡುವುದನ್ನು ತಾನು ಹೀಗೆ ನಿಂತು ನೋಡಿಯೇ ಇರಲಿಲ್ಲ ಎಂದು ಅವಳಿಗೆ ಹೊಳೆಯಿತು.

"ನಾಳೆ ಹಬ್ಬದ ಹಂದಿಗೆ ಮಸಾಲೆ ನೀನೇ ತುಂಬು" ಎಂದಳು. "ನಾಳೆಯಿಂದ ಬೆಳಗ್ಗೆ ತಿಂಡೀನೂ ನಿಂದೇ. ನಾನು ಆರಾಮಾಗಿ ಮಲಗ್ತೀನಿ."

"ನಿಜವಾಗ್ಲೂ?"

"ನೀನು ಕತ್ತಲಲ್ಲೇ ಎದ್ದು ಕೂತು ನಿಟ್ಟುಸಿರು ಬಿಡೋದು ಕೇಳಿ ಕೇಳಿ ಸಾಕಾಗಿದೆ ನಂಗೆ."

ಮರುದಿನದ ಹಂದಿಯ ರುಚಿಯನ್ನು ಕಂಬಾತೊದವರು ಇಂದಿಗೂ ಹೇಳುತ್ತಾರೆ. ಹೊಟ್ಟೆಯೊಳಗೆ ನಿಂಬೆಹುಲ್ಲು, ಬೆಳ್ಳುಳ್ಳಿ, ಹುಣಿಸೆ ಎಲೆ ತುಂಬಿ, ಚರ್ಮ ಗಾಜಿನಂತೆ ಒಡೆಯುವ ಹಾಗೆ ಸುಟ್ಟಿದ್ದ. ತಿನ್ನಲು ಬಂದವರೆಲ್ಲ ಮದುವೆಯನ್ನೂ ಕೇಳಿದರು. ತಮ್ಮ ತಮ್ಮ ದನಿ ಹುಡುಕಿದರು. ಟೇಪಿನ ಸಾಬೆಲ್ ಯಾರ ಹತ್ತಿರವೋ, "ಲುದಿ ನನ್ನ ದೊಡ್ಡ ಬಾಣಲೆ ಒಯ್ದು ಯಾವ ಕಾಲ ಆಯ್ತು" ಎನ್ನುವುದು ಹಬ್ಬದ ದಿನ ಸಿಕ್ಕಿಬಿತ್ತು. ಲುದಿ ಎದ್ದು ಮನೆಗೆ ಹೋಗಿ ಬಾಣಲೆ ತಂದು, ಎಲ್ಲರೆದುರು ಸಾಬೆಲ್‌ಳ ತಲೆಯ ಮೇಲೆ ಟೋಪಿಯಂತೆ ಮಗುಚಿದಳು. ಹಬ್ಬ ಮುಗಿದ ಮೇಲೆ ಸ್ಪೀಕರು ಬಿಚ್ಚಿ ಕೊಡಲು ಮೆನೊ ಹೋದರೆ ಅವಳು ಕೈ ಅಡ್ಡ ಹಿಡಿದಳು. "ಅಲ್ಲೇ ಇರ್ಲಿ ಅಣ್ಣ. ನಮ್ಮನೇಲಿದ್ದಾಗ ಸುಮ್ನೆ ಅವನ ಫೋಟೊ ಹೊರ್ತಿತ್ತು. ಟೀವಿ ಕೆಳಗಾದ್ರೆ ಅವನು ಮಾತಾಡ್ತಾನೆ." ಫೋಟೊಗೆ ಮೆನೊ ತೇಗದ ಹಲಗೆ ಕೂಡಿಸಿಕೊಟ್ಟ.

ಮುಂದಿನ ಭಾನುವಾರ ಮೆನೊ ಪಾಪನಿವೇದನೆಗೆ ಹೋಗಿ, ಹೆಂಡತಿ ಹೇಳಿದ ಹಳೇ ಸುಳ್ಳನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕೆಂದು ಕೇಳಿಕೊಂಡ. ಪಾದ್ರಿ ಆ ಮದುವೆ ಮಾಡಿಸಿದವರೇ, ಈಗ ಮುದುಕರಾಗಿದ್ದರು. ಜಾಲರಿಯ ಆಚೆ ಬಹಳ ಹೊತ್ತು ನಗು ಕೇಳಿತು. "ಅವಳು ಸುಳ್ಳು ಹೇಳಿಲ್ಲಪ್ಪ. ನೀನು ದಾರೀಲೇ ಇದ್ದೆ, ಸ್ವಲ್ಪ ತಡವಾಯ್ತು ಅಷ್ಟೆ" ಎಂದರಂತೆ.

ಗೊರ್ಯೊ ತನ್ನ ಅಟ್ಟದಿಂದ ಹಳೇ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿದ. ಭಾನುವಾರ ಮಧ್ಯಾಹ್ನಗಳಲ್ಲಿ ಒಂದೊಂದು ಮನೆಯವರು ತಮ್ಮ ಮದುವೆ ಕೇಳಲು ಬರತೊಡಗಿದರು. ಒಮ್ಮೆ ವರನ ಸೋದರತ್ತೆಯೊಬ್ಬಳು ವಧುವಿನ ಕಡೆಯವರ ಅನ್ನ ಅರೆಬೆಂದಿದೆ ಎಂದು ಗೊಣಗಿದ್ದು ಹಿಂದಿನ ಬಲ ಸ್ಪೀಕರಿನಲ್ಲಿ ನಿಚ್ಚಳವಾಗಿ ಕೇಳಿಬಿಟ್ಟಿತು. ಎರಡೂ ಮನೆಯವರು ಮೆನೊನ ಅಂಗಳದಲ್ಲೇ ಜಗಳಕ್ಕೆ ನಿಂತರು. ಮೆನೊ ಒಂದು ಹಂಡೆ ಶುಂಠಿ ಹಾಕಿದ ಕೋಳಿಗಂಜಿ ಹೊರಗೆ ತಂದ. ಬಿಸಿ ಗಂಜಿ ಬಾಯಲ್ಲಿಟ್ಟುಕೊಂಡು ಬೈಯಲು ಯಾರಿಗೂ ಆಗಲಿಲ್ಲ.

ಸುದ್ದಿ ಪಕ್ಕದ ಊರುಗಳಿಗೂ ಹೋಯಿತು. ಮನೆಯಲ್ಲಿ ಯಾರೋ ಕಳಿಸಿದ ಯಂತ್ರ ಬಿಚ್ಚದೆ ಇಟ್ಟುಕೊಂಡವರು ಎಲ್ಲ ಕಡೆ ಇದ್ದರು. ಕರೆ ಬಂದಾಗ ಮೆನೊ ಹೋಗುತ್ತಿದ್ದ, ಸಾಬೆಲ್ ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಹೊರಡುತ್ತಿದ್ದಳು. ಅವನು ಬಣ್ಣ ನೋಡುತ್ತಾನೆ, ಬಾಯಿ ಕಿವಿ ಅವಳೇ ನೋಡಬೇಕು ಎಂಬುದು ಅವಳ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ಈಗಲೂ ಆ ಕಡೆಯ ಸಮುದ್ರದಂಚಿನ ರಸ್ತೆಯಲ್ಲಿ ಅವರನ್ನು ನೋಡಬಹುದು. ಬಾಡಿಗೆ ಬೈಕಿನ ಮೇಲೆ ಚಾಲಕನ ಹಿಂದೆ ಮೆನೊ, ಅವನ ಹಿಂದೆ ವೈರಿನ ಚೀಲ ತಬ್ಬಿಕೊಂಡ ಸಾಬೆಲ್. ಗಾಳಿಯಲ್ಲಿ ಇಬ್ಬರೂ ಕೂಗಿಯೇ ಮಾತಾಡಬೇಕು.

"ಅವರ ಮನೇಲಿ ಊಟ ಹಾಕ್ತಾರಾ?"

"ಹಾಕ್ತಾರೆ. ಮೀನು ತಂದಿದಾರಂತೆ. ನೀನು ಬಾಯಿ ಮುಚ್ಕೊಂಡು ತಿನ್ಬೇಕು, ಉಪ್ಪು ಕಮ್ಮಿ ಅಂತ ಹೇಳ್ಬಾರ್ದು."

"ಕಮ್ಮಿ ಇದ್ರೆ?"

"ಇದ್ರೆ ಮೆಲ್ಲಗೆ ನನ್ನ ಕಿವೀಲಿ ಹೇಳು."